ಎರಡು ಹಳದಿ, ಒಂದು ಪ್ರಶ್ನೆ

ಹೋದ ವರ್ಷ ಶಿವರಾತ್ರಿಗೆ ಜುಗೂಳಕ್ಕೆ ಹೋದಾಗ ಕಾಕಾ ಪಡಸಾಲೆಯಲ್ಲಿ ಕುಳಿತು ಬಿಸಿನೀರಿನ ಲೋಟಕ್ಕೆ ಎರಡು ಚಮಚ ಅರಿಶಿನ ಪುಡಿ ಹಾಕಿ ಕಲಕುತ್ತಿದ್ದರು. ಪಕ್ಕದಲ್ಲಿ ಮಿರಜಿನ ಲ್ಯಾಬೊಂದರ ವರದಿ ಬಿದ್ದಿತ್ತು. ಕ್ರಿಯಾಟಿನಿನ್ ಎದುರು 2.1 ಎಂದು ಬರೆದು, ಅದರ ಸುತ್ತ ಯಾರೋ ಕೆಂಪು ಪೆನ್ನಿನಿಂದ ಗುಂಡಗೆ ಗೆರೆ ಎಳೆದಿದ್ದರು. ಚಿಗವ್ವ ಒಳಗಿನಿಂದಲೇ, "ಹದಿನೈದ ದಿನಾ ಆತು, ಮುಂಜಾನೆ ಸಂಜಿಕಿ ಇದ ನಡದೈತಿ" ಎಂದಳು. ಫೋನಿಗೆ ಬಂದ ಒಂದು ವಿಡಿಯೊ ಇದಕ್ಕೆಲ್ಲ ಕಾರಣ. ಅರಿಶಿನ ಕುಡಿದರೆ ಮೂತ್ರಪಿಂಡದಲ್ಲಿ ಕೂತ ಸೀಸ, ಪಾದರಸ ಎಲ್ಲ ತೊಳೆದು ಹೋಗುತ್ತದೆ ಎಂದು ಅದರಲ್ಲಿ ಬಿಳಿ ಕೋಟಿನವರೊಬ್ಬರು ಹೇಳುತ್ತಿದ್ದರು.

ಕಾಕಾ ನನ್ನ ಕಡೆ ನೋಡಿ ನಕ್ಕರು. "ಯವ್ವಾ, ನೀ ಆ ಇಲಿಗೋಳಿಗೆ ಏನ ಕೊಡ್ತಿ ಅಲ್ಲಾ, ಅದ ನನಗೂ ನಡೀತೈತಿ ಹೌದಲ್ಲೋ?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಭಾರಲೋಹಗಳಿಂದ ಮೂತ್ರಪಿಂಡಕ್ಕೆ ಆಗುವ ಹಾನಿಯನ್ನು ಸಸ್ಯಗಳಲ್ಲಿರುವ ಆಂಟಿಆಕ್ಸಿಡೆಂಟುಗಳು ಎಷ್ಟರಮಟ್ಟಿಗೆ ತಡೆಯುತ್ತವೆ ಎಂಬುದೇ ನನ್ನ ಪಿಎಚ್.ಡಿ. ವಿಷಯ. ನಾಲ್ಕು ವರ್ಷಗಳಿಂದ ಮನೆಯವರಿಗೆ ಅದನ್ನು "ಇಲಿ ಓದು" ಎಂದು ಹೇಳುತ್ತ ಬಂದಿದ್ದೇನೆ. ಆದರೆ ಬ್ಯಾಟರಿ ರಿಪೇರಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿರುವ ನನ್ನ ಸ್ವಂತ ಕಾಕಾ ಎದುರಿಗೆ ಲೋಟ ಹಿಡಿದು ಕೇಳಿದಾಗ ಹೌದು ಎನ್ನಲೂ ಬಾಯಿ ಬರಲಿಲ್ಲ, ಅಲ್ಲ ಎನ್ನಲೂ ಬರಲಿಲ್ಲ. ಉತ್ತರ ಹುಡುಕುತ್ತ ಹೋದಂತೆ ಅದು ಪ್ರಯೋಗಾಲಯದಲ್ಲಿರುವುದಕ್ಕಿಂತ ಹೆಚ್ಚಾಗಿ ಚರಿತ್ರೆಯಲ್ಲಿದೆ ಅನ್ನಿಸಿತು. ಈ ಬರಹ ಆ ಹುಡುಕಾಟದ್ದು.

ಮೊದಲು ಊರಿನ ಮಾತು. ಹಿಂದೆ ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡ ತಾಲ್ಲೂಕಿಗೆ ಸೇರಿರುವ ಜುಗೂಳ ಕೃಷ್ಣೆಯ ದಂಡೆಯ ಊರು. ಹೊಳೆಯ ಆಚೆ ದಂಡೆಯಲ್ಲಿ ಮಹಾರಾಷ್ಟ್ರದ ಖಿದ್ರಾಪುರ, ಅಲ್ಲಿನ ಕೋಪೇಶ್ವರ ಗುಡಿ. ನಮ್ಮ ಸೀಮೆಗೆ ಕಬ್ಬೇ ಮುಖ್ಯ ಬೆಳೆಯಾದರೂ ರಾಯಬಾಗ, ಚಿಕ್ಕೋಡಿ, ಅಥಣಿ ಕಡೆ ಅರಿಶಿನ ಬಿಟ್ಟುಹೋಗಿಲ್ಲ. ಅರಿಶಿನ ಎಂದರೆ ಎಲ್ಲರ ಮುಖ ತಿರುಗುವುದು ಸಾಂಗಲಿಯ ಪೇಟೆಯ ಕಡೆಗೆ. 2018ರಲ್ಲಿ ಸಾಂಗಲಿ ಅರಿಶಿನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಹೊಲದಿಂದ ಕಿತ್ತ ಅರಿಶಿನ ಹಾಗೆಯೇ ಪೇಟೆಗೆ ಹೋಗುವುದಿಲ್ಲ. ದೊಡ್ಡ ಕಡಾಯಿಯಲ್ಲಿ ಅದನ್ನು ಕುದಿಸಬೇಕು, ಬಿಸಿಲಿಗೆ ಹರವಿ ಹತ್ತು ಹದಿನೈದು ದಿನ ಒಣಗಿಸಬೇಕು. ಒಣಗಿದ ಕೊಂಬು ನೋಡಲು ಚೆಂದ ಇರುವುದಿಲ್ಲ. ಮೇಲಿನ ಸಿಪ್ಪೆ ಒರಟು, ಬಣ್ಣ ಮಂಕು. ಅದನ್ನು ತಿರುಗುವ ಡ್ರಮ್ಮಿನಲ್ಲಿ ಹಾಕಿ ಉಜ್ಜಿ ಪಾಲಿಶ್ ಮಾಡಿದ ಮೇಲೆಯೇ ದರ ಬರುವುದು. ಕೊಳ್ಳುವವನ ಕಣ್ಣು ಮೊದಲು ಹೋಗುವುದು ಬಣ್ಣಕ್ಕೆ. ಈ ಒಂದು ಸಣ್ಣ ಸಂಗತಿ, ಅಂದರೆ ಅರಿಶಿನದ ಬೆಲೆಯನ್ನು ಅದರ ಹಳದಿ ನಿರ್ಧರಿಸುತ್ತದೆ ಎನ್ನುವುದು, ಮುಂದೆ ಬಹಳ ದೂರದವರೆಗೆ ಹೋಗುತ್ತದೆ.

ಸಾಂಗಲಿ ಪಕ್ಕದ ಹರಿಪುರದಲ್ಲಿ ಕೃಷ್ಣೆಗೆ ವಾರಣೆ ಸೇರುತ್ತದೆ. ಅಲ್ಲಿಯ ಗಟ್ಟಿ ನೆಲದಲ್ಲಿ ಆಳವಾದ ಗುಂಡಿ ತೋಡಿ ಅದರೊಳಗೆ ಅರಿಶಿನ ತುಂಬಿಡುತ್ತಿದ್ದರು. ಮರಾಠಿಯಲ್ಲಿ ಅದು ಪೇವ್. ಜೋಳ ತುಂಬಿಡುವ ನಮ್ಮ ಹಗೇವು ಇದ್ದ ಹಾಗೆಯೇ. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಗಾಳಿ ಆಡದು, ಹುಳ ಹಿಡಿಯದು, ವರ್ಷಗಟ್ಟಲೆ ಬಣ್ಣ ಕೆಡದು. 2005ರ ಮಹಾಪೂರದಲ್ಲಿ ನೀರು ಆ ಗುಂಡಿಗಳಿಗೆ ನುಗ್ಗಿ ಬಹುಪಾಲು ಪೇವ್‌ಗಳು ಹಾಳಾದವು. 2019ರಲ್ಲಿ ಹೊಳೆ ಮತ್ತೆ ಊರೂರಿಗೆ ನುಗ್ಗಿತು. ನೀರು ಕುಡಿದ ಅರಿಶಿನಕ್ಕೆ ಬಣ್ಣ ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ.

ಇನ್ನು ಆ ಹಳದಿಯ ಕತೆ. 1815ರಲ್ಲಿ ಪ್ಯಾರಿಸ್ಸಿನಲ್ಲಿ ವೋಗೆಲ್ ಮತ್ತು ಪೆಲೆಟಿಯೆ ಎಂಬ ಇಬ್ಬರು ಅರಿಶಿನದ ಬಣ್ಣದ ವಸ್ತುವನ್ನು ಬೇರ್ಪಡಿಸಿದ ಬಗ್ಗೆ ಬರೆದರು. ಅದಕ್ಕೆ ಕರ್ಕ್ಯುಮಿನ್ ಎಂಬ ಹೆಸರು ಬಂತು. ಈ ಪೆಲೆಟಿಯೆಯೇ ಐದು ವರ್ಷದ ಮೇಲೆ ಸಿಂಕೋನಾ ತೊಗಟೆಯಿಂದ ಕ್ವಿನೈನ್ ತೆಗೆದವರಲ್ಲಿ ಒಬ್ಬ. ಕರ್ಕ್ಯುಮಿನ್ ಅಣುವಿನ ರಚನೆ ಏನೆಂದು ತಿಳಿಯಲು ಮಾತ್ರ ಇನ್ನೂ ಸುಮಾರು ನೂರು ವರ್ಷ ಬೇಕಾಯಿತು. 1910ರಲ್ಲಿ ಮಿಲೊಬೆಂಡ್ಸ್ಕಾ, ಕೊಸ್ಟಾನೆಟ್ಸ್ಕಿ ಮತ್ತು ಲಾಂಪೆ ಅದನ್ನು ಬಿಡಿಸಿದರು.

ಅದೇ ಪ್ಯಾರಿಸ್ಸಿನಲ್ಲಿ, ಅದಕ್ಕೆ ಹದಿನೆಂಟು ವರ್ಷ ಮೊದಲು, ಇನ್ನೊಂದು ಹಳದಿ ಹುಟ್ಟುವ ದಾರಿ ತೆರೆದಿತ್ತು. 1797ರಲ್ಲಿ ವೋಕ್ಲಾಂ ಎಂಬ ರಸಾಯನಶಾಸ್ತ್ರಜ್ಞ ಸೈಬೀರಿಯದ ಗಣಿಯಿಂದ ಬಂದ ಕೆಂಪು ಸೀಸದ ಅದಿರನ್ನು ಪರೀಕ್ಷಿಸುತ್ತಿದ್ದ. ಅದರಲ್ಲಿ ಆವರೆಗೆ ಯಾರಿಗೂ ಗೊತ್ತಿರದ ಲೋಹವೊಂದು ಸಿಕ್ಕಿತು. ಅದರ ಲವಣಗಳೆಲ್ಲ ಒಂದೊಂದು ಬಣ್ಣದವು. ಆದ್ದರಿಂದ ಬಣ್ಣ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಕ್ರೋಮಿಯಂ ಎಂದು ಹೆಸರಾಯಿತು. ಸೀಸದ ಕ್ರೋಮೇಟ್ ಎದ್ದು ಕಾಣುವ ಹಳದಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಗಾಡಿ, ಬಾಗಿಲು, ಚಿತ್ರಪಟ ಎಲ್ಲಕ್ಕೂ ಹತ್ತಿತು. 1888ರಲ್ಲಿ ವ್ಯಾನ್ ಗೋ ಸೂರ್ಯಕಾಂತಿ ಹೂಗಳನ್ನು ಬರೆದದ್ದು ಈ ಹಳದಿಯಲ್ಲೇ.

ಒಂದು ಹಳದಿ ಗಡ್ಡೆಯದು, ಇನ್ನೊಂದು ಗಣಿಯದು. ಒಂದು ಮೂತ್ರಪಿಂಡವನ್ನು ಕಾಯುತ್ತದೆ ಎಂದು ನಾವು ಇಂದು ಪ್ರಯೋಗ ಮಾಡುತ್ತಿದ್ದೇವೆ. ಇನ್ನೊಂದರಲ್ಲಿ ಮೂತ್ರಪಿಂಡವನ್ನು ಕೆಡಿಸುವ ಎರಡು ಲೋಹಗಳು, ಸೀಸ ಮತ್ತು ಕ್ರೋಮಿಯಂ, ಒಟ್ಟಿಗೇ ಇವೆ. ಪುಡಿ ಮಾಡಿ ಅಂಗೈಯಲ್ಲಿ ಇಟ್ಟರೆ ಎರಡನ್ನೂ ಬರಿಗಣ್ಣಿನಿಂದ ಬೇರೆ ಮಾಡುವುದು ಕಷ್ಟ. ಇವೆರಡೂ ಒಂದೇ ಡಬ್ಬಿಯಲ್ಲಿ ಸೇರಿದ್ದು ಪಾಲಿಶ್ ಡ್ರಮ್ಮಿನಲ್ಲಿ. ಮಂಕಾದ ಕೊಂಬಿಗೆ ಹೊಳಪು ಕೊಡಲು ಅರಿಶಿನದ ಪುಡಿಯನ್ನೇ ನೀರಿನಲ್ಲಿ ಕಲಸಿ ಬಳಿಯುವುದು ಒಳ್ಳೆಯ ಪದ್ಧತಿ. ಅದಕ್ಕಿಂತ ಅಗ್ಗದ್ದು, ಕಣ್ಣಿಗೆ ಹೆಚ್ಚು ಹೊಡೆಯುವಂಥದ್ದು ಸೀಸದ ಕ್ರೋಮೇಟ್. ಇದು ಹೊಸ ಮೋಸವಲ್ಲ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಕೆಳಗೆ ಬಂದ ನಿಯಮಗಳಲ್ಲಿ ಅರಿಶಿನದ ಜತೆಗೇ ಸೀಸದ ಕ್ರೋಮೇಟಿನ ಹೆಸರು ಬರುತ್ತದೆ. ಈಗ ಜಾರಿಯಲ್ಲಿರುವ ಆಹಾರ ಸುರಕ್ಷತೆಯ ನಿಯಮವೂ ಅರಿಶಿನದಲ್ಲಿ ಅದು ಇರಲೇಬಾರದು ಎನ್ನುತ್ತದೆ. ಕಾನೂನು ಒಂದು ವಸ್ತುವನ್ನು ಹೆಸರು ಹಿಡಿದು ಬೇಡ ಎನ್ನುತ್ತಿದೆ ಎಂದರೆ ಅದು ಎಲ್ಲೋ ಬಳಕೆಯಲ್ಲಿತ್ತು ಎಂದೇ ಅರ್ಥ.

ಇದರ ಚರಿತ್ರೆ ಸ್ಪಷ್ಟವಾಗಿ ದಾಖಲಾದದ್ದು ಬಾಂಗ್ಲಾದೇಶದಲ್ಲಿ. ಅಲ್ಲಿನ ಹಳ್ಳಿಗಳ ಗರ್ಭಿಣಿಯರ ರಕ್ತದಲ್ಲಿ ಸೀಸ ಹೆಚ್ಚಿತ್ತು. ಸುತ್ತಮುತ್ತ ಕಾರ್ಖಾನೆ ಇಲ್ಲ, ಪೇಂಟೂ ಇಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನವರ ಜೊತೆ ಸೇರಿ ಹುಡುಕುತ್ತ ಹೋಗಿ, 2019ರಲ್ಲಿ ಅದರ ಮೂಲ ಅರಿಶಿನಕ್ಕೆ ಬಳಿದ ಸೀಸದ ಕ್ರೋಮೇಟ್ ಎಂದು ತೋರಿಸಿದರು. ಪಾಲಿಶ್ ಮಾಡುವವರನ್ನು ವಿಚಾರಿಸಿದಾಗ ಈ ರೂಢಿ 1980ರ ದಶಕದ ಒಂದು ದೊಡ್ಡ ಪೂರದ ನಂತರ ಶುರುವಾಯಿತು ಎಂದು ತಿಳಿದುಬಂತು. ನೀರಲ್ಲಿ ನೆನೆದು ಬಣ್ಣ ಕಳೆದುಕೊಂಡ ಅರಿಶಿನವನ್ನು ಮಾರಲು ಕಂಡುಕೊಂಡ ದಾರಿ ಅದು. ಪೂರ ಇಳಿದುಹೋಯಿತು, ರೂಢಿ ಉಳಿಯಿತು. ಇದನ್ನು ಓದಿದಾಗ ನನಗೆ ಹರಿಪುರದ ಪೇವ್‌ಗಳು ನೆನಪಾದವು. ಸಾಂಗಲಿಯಲ್ಲಿ ಹಾಗಾಯಿತು ಎಂದು ನಾನು ಹೇಳುತ್ತಿಲ್ಲ. ನೆನೆದ ಅರಿಶಿನ ಕೈಯಲ್ಲಿರುವ ರೈತನ ಕಷ್ಟ ಮಾತ್ರ ಎರಡೂ ಕಡೆ ಒಂದೇ.

ಬಾಂಗ್ಲಾದೇಶದ ಕತೆಗೆ ಒಳ್ಳೆಯ ಮುಂದುವರಿಕೆ ಇದೆ. ಸರ್ಕಾರ ಪೇಟೆಗಳಲ್ಲಿ ತಪಾಸಣೆ ಮಾಡಿತು, ತಪ್ಪಿತಸ್ಥರಿಗೆ ದಂಡ ಹಾಕಿತು, ಜನರಿಗೆ ತಿಳಿಹೇಳಿತು. 2019ರಲ್ಲಿ ಪೇಟೆಯ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿದ್ದರೆ 2021ಕ್ಕೆ ಅದು ಸೊನ್ನೆಗೆ ಇಳಿಯಿತು. ಗಿರಣಿಯಲ್ಲಿ ದುಡಿಯುವವರ ರಕ್ತದ ಸೀಸವೂ ಇಳಿಯಿತು. ಯಾರಿಗೂ ಮಾತ್ರೆ ಕೊಟ್ಟು ಇಳಿಸಿದ್ದಲ್ಲ, ಬರುವ ದಾರಿ ಮುಚ್ಚಿದ್ದರಿಂದ ಇಳಿದದ್ದು. ನಮ್ಮಲ್ಲಿ ಕೆಲಸ ಬಾಕಿ ಇದೆ. ಭಾರತ, ನೇಪಾಳ, ಪಾಕಿಸ್ತಾನ, ಶ್ರೀಲಂಕಾಗಳ 23 ನಗರಗಳ ಅರಿಶಿನ ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚು ಸೀಸ ಸಿಕ್ಕ ಊರುಗಳ ಸಾಲಿನಲ್ಲಿ ಪಾಟ್ನಾ ಇತ್ತು.

ಸೀಸ ಮೈಯೊಳಗೆ ಬಂದರೆ ಮೂತ್ರಪಿಂಡಕ್ಕೇ ಏಕೆ ಏಟು? ಉತ್ತರ ಅದರ ಕೆಲಸದಲ್ಲೇ ಇದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಹೊರಗೆ ಹೋಗುವುದು ಒಂದೂವರೆ ಎರಡು ಲೀಟರ್ ಮಾತ್ರ. ಉಳಿದ ನೀರು, ಸಕ್ಕರೆ, ಉಪ್ಪು ಎಲ್ಲವನ್ನೂ ಸಣ್ಣ ಸಣ್ಣ ನಳಿಕೆಗಳ ಗೋಡೆಯ ಕೋಶಗಳು ಮರಳಿ ಒಳಗೆಳೆದುಕೊಳ್ಳುತ್ತವೆ. ಹಾಗೆ ಎಳೆದುಕೊಳ್ಳುವಾಗ ಸೀಸ, ಕ್ಯಾಡ್ಮಿಯಂ, ಪಾದರಸವೂ ಜೊತೆಗೆ ಬರುತ್ತವೆ. ಈ ಕೋಶಗಳು ಹಗಲಿರುಳು ದುಡಿಯುವಂಥವು. ಬಹಳ ಆಮ್ಲಜನಕ ಉರಿಸುತ್ತವೆ. ಆ ಉರಿಯಿಂದ ಹಾರುವ ಕಿಡಿಗಳನ್ನು, ಅಂದರೆ ಫ್ರೀ ರಾಡಿಕಲ್‌ಗಳನ್ನು, ಆರಿಸಲು ಕೋಶದಲ್ಲಿ ಗ್ಲುಟಾಥಯೋನ್ ಎಂಬ ಗಂಧಕವಿರುವ ಅಣು ಇದೆ. ಈ ಲೋಹಗಳಿಗೆ ಗಂಧಕವೆಂದರೆ ಪ್ರೀತಿ. ಅವು ಮೊದಲು ಹಿಡಿಯುವುದೇ ಆ ಕಾವಲುಗಾರನನ್ನು.

ಈ ತಿಳಿವಳಿಕೆಗೆ ಮೊದಲೇ ವೈದ್ಯರು ಸಂಬಂಧ ಗುರುತಿಸಿದ್ದರು. ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ 1859ರಲ್ಲಿ, ತನ್ನ ಸಂಧಿವಾತದ ರೋಗಿಗಳಲ್ಲಿ ಕಾಲುಭಾಗದಷ್ಟು ಜನ ಸೀಸದ ಕೊಳಾಯಿ ಕೆಲಸದವರು ಅಥವಾ ಪೇಂಟರುಗಳು ಎಂದು ಬರೆದ. ಕೆಟ್ಟ ಮೂತ್ರಪಿಂಡ ಯೂರಿಕ್ ಆಮ್ಲ ಹೊರಹಾಕಲಾರದೆ ಕೀಲುಗಳಿಗೆ ನೋವು ಬರುತ್ತಿತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯ 1904ರಲ್ಲಿ, ಮಕ್ಕಳಿಗೆ ಸೀಸದ ವಿಷ ಏರುತ್ತಿರುವುದು ಮನೆಯ ವರಾಂಡದ ಕಟಕಟೆಗೆ ಬಳಿದ ಪೇಂಟಿನಿಂದ ಎಂದು ವಾದಿಸಿದ. ಆ ಮಕ್ಕಳು ದೊಡ್ಡವರಾಗಿ ಮೂತ್ರಪಿಂಡದ ರೋಗದಿಂದ ಸಾಯುತ್ತಿದ್ದುದು 1929ರಲ್ಲಿ ಬೆಳಕಿಗೆ ಬಂತು. ಇಪ್ಪತ್ತೈದು ವರ್ಷ ಕಾದು ಬರುವ ಏಟು ಅದು. ಜಪಾನಿನ ಜಿಂಜು ಹೊಳೆಯಲ್ಲಿ ಮೇಲಿನ ಗಣಿಯಿಂದ ಹರಿದ ಕ್ಯಾಡ್ಮಿಯಂ ಭತ್ತದ ಗದ್ದೆಗೆ ಸೇರಿ, ಉಂಡವರ ಮೂತ್ರಪಿಂಡ ಕೆಡಿಸಿ, ಕೊನೆಗೆ ಎಲುಬುಗಳನ್ನೇ ಮೆತ್ತಗಾಗಿಸಿತು. ಸರ್ಕಾರ ಅದನ್ನು ಮಾಲಿನ್ಯದ ರೋಗವೆಂದು ಒಪ್ಪಿದ್ದು 1968ರಲ್ಲಿ.

ಮೈ ಸುಮ್ಮನೆ ಕೂರುವುದಿಲ್ಲ ಎಂಬುದೂ ಇದೇ ಹೊತ್ತಿಗೆ ಗೊತ್ತಾಯಿತು. 1957ರಲ್ಲಿ ಮಾರ್ಗೋಶಸ್ ಮತ್ತು ವ್ಯಾಲಿ ಎಂಬ ಅಮೆರಿಕದ ವಿಜ್ಞಾನಿಗಳು ಕುದುರೆಯ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಂ ಅನ್ನು ಹಿಡಿದಿಟ್ಟುಕೊಂಡ ಪ್ರೋಟೀನೊಂದನ್ನು ಕಂಡರು. ಅದೇ ಮೆಟಲೊಥಯೋನಿನ್. ಅದರ ತುಂಬ ಗಂಧಕ. ನಮ್ಮ ಮೂತ್ರಪಿಂಡದಲ್ಲೂ ಅದಿದೆ. ಕಳ್ಳನನ್ನು ಹಿಡಿದು ಕೋಣೆಯಲ್ಲಿ ಕೂಡಿಹಾಕುವ ಕೆಲಸ ಅದರದು. ಆದರೆ ಕೋಣೆ ಇರುವುದು ಅದೇ ಮನೆಯಲ್ಲಿ. ಹಾಗಾಗಿ ಕ್ಯಾಡ್ಮಿಯಂ ಒಮ್ಮೆ ಸೇರಿದರೆ ಹತ್ತು, ಇಪ್ಪತ್ತು ವರ್ಷ ಮೂತ್ರಪಿಂಡ ಬಿಟ್ಟು ಹೋಗುವುದಿಲ್ಲ.

ಈಗ ಆಂಟಿಆಕ್ಸಿಡೆಂಟಿನ ಕತೆ. ಪಠ್ಯಪುಸ್ತಕದಲ್ಲಿ ಇದನ್ನು ಉತ್ಕರ್ಷಣ ನಿರೋಧಕ ಎನ್ನುತ್ತಾರೆ. ಇದು ಮೊದಲಿಗೆ ಆರೋಗ್ಯದ ಮಾತೇ ಆಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮೂರೊ ಮತ್ತು ಡ್ಯುಫ್ರೆಸ್ ಎಂಬ ವಿಜ್ಞಾನಿಗಳಿಗೆ ಆಕ್ರೋಲೀನ್ ಎಂಬ ಕಣ್ಣುರಿ ಅನಿಲದ ರಾಸಾಯನಿಕವನ್ನು ಕೆಡದಂತೆ ಇಡುವ ಕೆಲಸ ಬಿತ್ತು. ಹೈಡ್ರೊಕ್ವಿನೋನ್‌ನಂಥ ಫಿನಾಲನ್ನು ಚೂರೇ ಚೂರು ಬೆರೆಸಿದರೆ ಅದು ಕೆಡುವುದಿಲ್ಲ ಎಂದು ಅವರು ಕಂಡರು. ರಬ್ಬರು ಬಿರಿಯದಂತೆ, ಎಣ್ಣೆ ಕಮಟಾಗದಂತೆ ಕಾಯಲು ಈ ವಿದ್ಯೆ ಬಳಕೆಗೆ ಬಂತು. ಬೆಣ್ಣೆ ಕಾಸುವಾಗ ನಮ್ಮ ಆಯಿ ವೀಳ್ಯದೆಲೆ ಹಾಕುತ್ತಿದ್ದುದರ ಹಿಂದೆಯೂ ಇದೇ ರಸಾಯನಶಾಸ್ತ್ರ ಇದೆ. ಎರಡನೆಯ ಮಹಾಯುದ್ಧದಲ್ಲಿ ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್ ತಂಡ ಆರ್ಸೆನಿಕ್ ಇರುವ ಲೂಯಿಸೈಟ್ ಅನಿಲಕ್ಕೆ ಪ್ರತಿಮದ್ದು ಮಾಡಿತು. ಎರಡು ಗಂಧಕದ ಕೈಗಳಿಂದ ಲೋಹವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಸಾಗಿಸುವ ಅಣು ಅದು. ಇಂಥ ಮದ್ದುಗಳಿಗೆ ಕೀಲೇಟರ್ ಎಂದು ಹೆಸರು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಕಾಕಾನ ವಿಡಿಯೊ ಕಲಸಿಬಿಟ್ಟದ್ದು ಇದನ್ನೇ. ರವದಿಗೆ ಹತ್ತಿದ ಬೆಂಕಿ ಆರಿಸುವುದು ಬೇರೆ, ಬೆಂಕಿ ಹಚ್ಚಿದವನನ್ನು ಹೊಲದಿಂದ ಹೊರಗೆ ಕಳಿಸುವುದು ಬೇರೆ. ಆಂಟಿಆಕ್ಸಿಡೆಂಟಿನ ಮುಖ್ಯ ಕೆಲಸ ಮೊದಲನೆಯದು. ಕೀಲೇಟರಿನದು ಎರಡನೆಯದು.

1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ನಮ್ಮ ಕೋಶಗಳೊಳಗೇ ಕಿಡಿ ಆರಿಸುವ ಕಿಣ್ವವಿದೆ ಎಂದು ತೋರಿಸಿದ ಮೇಲೆ ಆಂಟಿಆಕ್ಸಿಡೆಂಟ್ ಎಂಬ ಪದ ಕಾರ್ಖಾನೆ ಬಿಟ್ಟು ದೇಹಕ್ಕೆ ಬಂತು. 1976ರಲ್ಲಿ ಓ.ಪಿ. ಶರ್ಮಾ ಕರ್ಕ್ಯುಮಿನ್‌ಗೆ ಈ ಗುಣವಿದೆ ಎಂದು ಬರೆದರು. ಅದೂ ಫಿನಾಲೇ ಅಲ್ಲವೆ? ಅಲ್ಲಿಂದ ಮುಂದೆ ಅರಿಶಿನ, ಬೆಳ್ಳುಳ್ಳಿ, ನೆಲ್ಲಿ, ದ್ರಾಕ್ಷಿ ಬೀಜ, ಚಹಾ ಎಲೆ ಒಂದೊಂದೇ ಇಲಿಯ ಪಂಜರಕ್ಕೆ ಬಂದವು.

ಕರ್ನಾಟಕಕ್ಕೂ ಈ ಕತೆಯಲ್ಲಿ ಜಾಗವಿದೆ. ನಮ್ಮ ಅಥಣಿಗೆ ಹತ್ತಿರದ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜಿನ ಕುಸಾಲ್ ದಾಸ್ ಮತ್ತು ಸಂಗಡಿಗರು ನಿಕ್ಕಲ್, ಕ್ರೋಮಿಯಂ ಕೊಟ್ಟ ಇಲಿಗಳ ಮೇಲೆ ಬೆಳ್ಳುಳ್ಳಿ ಮತ್ತು ಸಿ ಜೀವಸತ್ವದ ಪರಿಣಾಮವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ನಿಕ್ಕಲ್ ಮತ್ತು ಆಕ್ಸಿಡೇಟಿವ್ ಒತ್ತಡದ ಬಗ್ಗೆ 2008ರಲ್ಲಿ ಅವರು ಬರೆದ ಸಮೀಕ್ಷೆಯನ್ನು ನನ್ನಂಥ ವಿದ್ಯಾರ್ಥಿಗಳು ಈಗಲೂ ಓದುತ್ತೇವೆ. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಸುರೇಶ್ ಬಾಬು ಮತ್ತು ಕೆ. ಶ್ರೀನಿವಾಸನ್, ಊಟದಲ್ಲಿ ಕೊಟ್ಟ ಕರ್ಕ್ಯುಮಿನ್ ಮಧುಮೇಹದ ಇಲಿಗಳ ಮೂತ್ರಪಿಂಡದ ಗಾಯವನ್ನು ತಗ್ಗಿಸುತ್ತದೆ ಎಂದು 1998ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಇನ್ನೊಂದು ಪ್ರಬಂಧ ಬಂತು. 2 ಗ್ರಾಂ ಕರ್ಕ್ಯುಮಿನ್ ನುಂಗಿದ ಮನುಷ್ಯರ ರಕ್ತದಲ್ಲಿ ಅದು ಸಿಗುವುದೇ ಕಷ್ಟ. ಅದರ ಜೊತೆ ಕರಿಮೆಣಸಿನ ಪೈಪರೀನ್ 20 ಮಿಲಿಗ್ರಾಂ ಕೊಟ್ಟರೆ ದೊರೆಯುವ ಪ್ರಮಾಣ ಇಪ್ಪತ್ತು ಪಟ್ಟು ಏರುತ್ತದೆ ಎಂದು ಅದು ತೋರಿಸಿತು. ಈ ಇಪ್ಪತ್ತು ಪಟ್ಟಿನ ಮಾತು ಇಂದು ಜಗತ್ತಿನ ಅರಿಶಿನ ಮಾತ್ರೆಗಳ ಡಬ್ಬಿಯ ಮೇಲೆಲ್ಲ ಇದೆ. ಅದರ ಮೊದಲರ್ಧ, ಅಂದರೆ ಬರಿಯ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಇಲ್ಲವೆನ್ನುವಷ್ಟು ಕಡಿಮೆ ಎಂಬುದು, ಡಬ್ಬಿಯ ಮೇಲೆ ಇರುವುದಿಲ್ಲ.

ಇಲಿಯಿಂದ ಮನುಷ್ಯನಿಗೆ ಬರುವಾಗ ಇನ್ನೂ ಎರಡು ತೊಡಕುಗಳಿವೆ. ಇಲಿಗೆ ಕಿಲೋಗ್ರಾಂ ತೂಕಕ್ಕೆ 100 ಮಿಲಿಗ್ರಾಂ ಕರ್ಕ್ಯುಮಿನ್ ಕೊಟ್ಟೆವು ಎನ್ನಿ. ದೇಹದ ಹೊರಮೈ ಲೆಕ್ಕದಲ್ಲಿ ಇಳಿಸಿದರೂ 60 ಕಿಲೋ ಮನುಷ್ಯನಿಗೆ ಅದು ದಿನಕ್ಕೆ 1 ಗ್ರಾಂ ಹತ್ತಿರ ಆಗುತ್ತದೆ. ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರ ಆಸುಪಾಸು. ಅಂದರೆ ದಿನಕ್ಕೆ 30 ಗ್ರಾಂ ಮೀರಿ ಪುಡಿ ಬೇಕು. ಅರಿಶಿನದಲ್ಲಿ ಆಕ್ಸಲೇಟ್ ಕೂಡ ಇದೆ. ದಿನಾ 3 ಗ್ರಾಮಿನಷ್ಟು ಅರಿಶಿನ ತಿಂದ ಆರೋಗ್ಯವಂತರ ಮೂತ್ರದಲ್ಲೇ ಆಕ್ಸಲೇಟ್ ಏರಿದ್ದನ್ನು 2008ರ ಅಮೆರಿಕದ ಅಧ್ಯಯನವೊಂದು ದಾಖಲಿಸಿದೆ. ಮೊದಲೇ ದಣಿದ ಮೂತ್ರಪಿಂಡಕ್ಕೆ ಅದು ಒಳ್ಳೆಯದಲ್ಲ. ಎರಡನೆಯ ತೊಡಕು ಕಾಲದ್ದು. ನಮ್ಮ ಬಹುಪಾಲು ಪ್ರಯೋಗಗಳಲ್ಲಿ ಲೋಹದ ಜೊತೆಗೇ, ಇಲ್ಲವೆ ಅದಕ್ಕೂ ಮೊದಲೇ ಮದ್ದು ಕೊಟ್ಟಿರುತ್ತೇವೆ. ಮನುಷ್ಯ ಬರುವುದು ಇಪ್ಪತ್ತು ವರ್ಷದ ಮೇಲೆ.

ಹಾಗಂತ ಎಲ್ಲವೂ ಸುಳ್ಳಲ್ಲ. ಇರಾನಿನ ಮಶ್ಹದ್‌ನಲ್ಲಿ ಕಾರಿನ ಬ್ಯಾಟರಿ ಕಾರ್ಖಾನೆಯ ಕೆಲಸಗಾರರಿಗೆ ನಾಲ್ಕು ವಾರ ಬೆಳ್ಳುಳ್ಳಿ ಕೊಟ್ಟು ನೋಡಿದ 2012ರ ಅಧ್ಯಯನವಿದೆ. ಸೀಸದ ವಿಷ ಹಗುರವಾಗಿದ್ದವರಲ್ಲಿ ಬೆಳ್ಳುಳ್ಳಿ, ಪೆನಿಸಿಲಮಿನ್ ಎಂಬ ಮದ್ದಿನಷ್ಟೇ ರಕ್ತದ ಸೀಸ ಇಳಿಸಿತು. ಬೆಳ್ಳುಳ್ಳಿಯಲ್ಲೂ ಗಂಧಕ ಇದೆ ಎಂಬುದನ್ನು ನೆನೆಯಬಹುದು. ಆದರೆ ಮನುಷ್ಯರ ಮೇಲಿನ ಇಂಥ ಅಧ್ಯಯನಗಳು ಕೈಬೆರಳೆಣಿಕೆಯಷ್ಟು, ಇಲಿಗಳ ಮೇಲಿನವು ಲೆಕ್ಕವಿಲ್ಲದಷ್ಟು.

ನಮಗೆ ಅರಿಶಿನದ ಮೇಲೆ ಇಷ್ಟು ಭರವಸೆ ಬರಲು ಇನ್ನೊಂದು ಕಾರಣವೂ ಇದೆ. 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ, ಗಾಯ ಮಾಯಿಸುವ ಅರಿಶಿನದ ಗುಣಕ್ಕಾಗಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಮಾಶೇಲ್ಕರ್ ಅವರ ಮುಂದಾಳತ್ವದ ಸಿ.ಎಸ್.ಐ.ಆರ್. ಹಳೆಯ ಗ್ರಂಥಗಳನ್ನೂ ಪ್ರಬಂಧಗಳನ್ನೂ ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅದು ನಿಜವಾದ ಗೆಲುವು. ಆದರೆ ಗೆದ್ದದ್ದು ಗಾಯಕ್ಕೆ ಹಚ್ಚುವ ಅರಿಶಿನ. ಆ ಹೆಮ್ಮೆಯ ಮೇಲೆ ಮೂತ್ರಪಿಂಡ, ಯಕೃತ್ತು, ಕ್ಯಾನ್ಸರ್ ಎಲ್ಲದರ ಮಾತನ್ನೂ ನಾವು ಹೇರಿದೆವು.

ಇಷ್ಟೆಲ್ಲ ಓದಿದ ಮೇಲೆ ನಾನು ಹೋಗಿ ನಿಂತದ್ದು 1700ರಲ್ಲಿ. ಇಟಲಿಯ ಬರ್ನಾರ್ಡಿನೊ ರಾಮಜ್ಜೀನಿ ಆ ವರ್ಷ ಕಸುಬುದಾರರ ರೋಗಗಳ ಬಗ್ಗೆ ಒಂದು ಪುಸ್ತಕ ಬರೆದ. ಕುಂಬಾರರು, ಕನ್ನಡಿ ಮಾಡುವವರು, ಚಿತ್ರಕಾರರು, ಹೀಗೆ ಸೀಸ ಪಾದರಸಗಳ ಜೊತೆ ಬದುಕುವವರ ಬಗ್ಗೆ ಅದರಲ್ಲಿದೆ. ರೋಗಿಯನ್ನು ಹಿಂದಿನ ವೈದ್ಯರು ಕೇಳುತ್ತಿದ್ದ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕು ಎಂದು ಆತ ಹೇಳಿದ. ನಿನ್ನ ಕಸುಬು ಏನು?

ಮಕ್ಕಳ ಮೂತ್ರಪಿಂಡ ಉಳಿಸಲು ಕ್ವೀನ್ಸ್‌ಲ್ಯಾಂಡಿನಲ್ಲಿ ಬೇಕಾದದ್ದು ಕಟಕಟೆಯ ಪೇಂಟ್ ನೋಡುವ ಕಣ್ಣು. ಬಾಂಗ್ಲಾದೇಶದಲ್ಲಿ ಬೇಕಾದದ್ದು ಡಬ್ಬಿಯೊಳಗೆ ನೋಡುವ ಕಣ್ಣು. ನಮ್ಮ ಬೆಂಗಳೂರಿನ ಡಾ. ಟಿ. ವೆಂಕಟೇಶ್ ಅವರಂಥವರು ನಡೆಸಿದ ಸೀಸದ ಸಮೀಕ್ಷೆಯ ವರದಿ 1999ರಲ್ಲಿ ಬಂದಾಗ, ದೊಡ್ಡ ನಗರಗಳಲ್ಲಿ ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಮೀರಿ ಸೀಸ ಇತ್ತು. 2000ದ ಹೊತ್ತಿಗೆ ದೇಶದ ಪೆಟ್ರೋಲಿನಿಂದ ಸೀಸ ತೆಗೆದರು. ಇದಕ್ಕಿಂತ ದೊಡ್ಡ ಮೂತ್ರಪಿಂಡದ ಮದ್ದನ್ನು ಯಾವ ಗಡ್ಡೆಯಿಂದಲೂ ತೆಗೆಯಲಾಗದು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಯ ಸೀಮೆಯಲ್ಲಿ, ಕುಡಿಯುವ ನೀರಿನ ಆರ್ಸೆನಿಕ್ ಜನರ ಚರ್ಮದ ಮೇಲೆ ಮೂಡಿದಾಗಲೂ ಅವರಿಗೆ ಬೇಕಾದ ಮೊದಲ ಮದ್ದು ಬೇರೆ ನೀರು.

ಕಾಕಾನಿಗೆ ಈ ಪ್ರಶ್ನೆಯನ್ನು ಅವತ್ತಿನವರೆಗೆ ಯಾರೂ ಕೇಳಿರಲಿಲ್ಲ. ಬಿಪಿ ಕೇಳಿದ್ದರು, ಸಕ್ಕರೆ ಕಾಯಿಲೆ ಕೇಳಿದ್ದರು, ತಂಬಾಕು ಕೇಳಿದ್ದರು. ನಾಲ್ಕು ವರ್ಷ ಇದನ್ನೇ ಓದಿದ ನಾನೂ ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಅವರು ಹಳೆಯ ಬ್ಯಾಟರಿ ಒಡೆದು, ಸೀಸದ ತಗಡು ಕರಗಿಸಿ, ಮತ್ತೆ ಎರಕ ಹೊಯ್ದಿದ್ದರು. ಅಂಗಡಿ ಮುಚ್ಚಿದ ಮೇಲೂ ಹಿತ್ತಲಲ್ಲಿ ಒಲೆ ಹೂಡಿ, ಹೊಳೆಯಲ್ಲಿ ಮೀನು ಹಿಡಿಯುವವರಿಗೆ ಬಲೆಯ ಗುಂಡು ಮಾಡಿ ಕೊಡುತ್ತಿದ್ದರು. ಅದೇ ಅಂಗಿಯಲ್ಲಿ ಒಳಗೆ ಬಂದು ಮೊಮ್ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು.

ಆಮೇಲಿನದು ದೊಡ್ಡ ಕತೆಯೇನಲ್ಲ. ಮೂತ್ರಪಿಂಡದ ವೈದ್ಯರಿಗೆ ನಾನೇ ಹೋಗಿ ಎಲ್ಲ ಹೇಳಿದೆ. ಅವರು ಅರಿಶಿನದ ನೀರು ನಿಲ್ಲಿಸಿ ಎಂದರು, ಸಾರಿಗೆ ಹಾಕುವಷ್ಟು ಇರಲಿ ಎಂದರು, ರಕ್ತದ ಸೀಸ ನೋಡಲು ಬರೆದುಕೊಟ್ಟರು. ಅದು 14 ಬಂತು. 5 ಮುಟ್ಟಿದರೇ ಮೂಲ ಹುಡುಕಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಎಲುಬಿನಲ್ಲಿ ಕೂತದ್ದು ಎಷ್ಟೋ, ಅದು ಈ ಅಂಕಿಯಲ್ಲಿ ಕಾಣುವುದಿಲ್ಲ. ಅವರ ಮೂತ್ರಪಿಂಡ ಕೆಟ್ಟದ್ದು ಸೀಸದಿಂದಲೇ ಎಂದು ನಾನು ಹೇಳಲಾರೆ. ಹತ್ತು ವರ್ಷದ ಬಿಪಿಯೂ ಅವರಿಗಿದೆ. ಹಿತ್ತಲಿನ ಒಲೆ ಕಿತ್ತೆವು. ಮೆಟ್ಟಿಲ ಕೆಳಗಿದ್ದ ಸೀಸದ ಗಟ್ಟಿಗಳನ್ನು ಚೀಲಕ್ಕೆ ತುಂಬಿ ಹಳೆಯ ಬ್ಯಾಟರಿ ಕೊಳ್ಳುವ ಪರವಾನಗಿ ಇದ್ದವರಿಗೆ ಕೊಟ್ಟೆವು. ಚಿಗವ್ವ ಪಡಸಾಲೆಯನ್ನು ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದಳು.

"ಹಂಗಾರ ನಿನ್ನ ಇಲಿಗೋಳು ಸುಮ್ಮನ ಸತ್ತೂ ಏನ?" ಎಂದು ಕಾಕಾ ಕೇಳಿದರು.

ಸುಮ್ಮನೆ ಅಲ್ಲ ಕಾಕಾ, ಎಂದೆ. ನಾಳೆ ಯಾರಿಗಾದರೂ ಸೀಸದಿಂದ ದೂರ ಹೋಗಲು ದಾರಿಯೇ ಇಲ್ಲದಿದ್ದರೆ, ಅವರಿಗೆ ಆ ಬೆಂಕಿ ಸ್ವಲ್ಪವಾದರೂ ತಗ್ಗಿಸುವ ಮದ್ದು ಬೇಕಾಗುತ್ತದೆ. ಅದಕ್ಕೇ ನಮ್ಮ ಓದು. ಆದರೆ ಅದು ಎರಡನೆಯ ಕೆಲಸ. ಮೊದಲನೆಯ ಕೆಲಸಕ್ಕೆ ಪ್ರಯೋಗಾಲಯ ಬೇಡ, ಒಂದು ಪ್ರಶ್ನೆ ಸಾಕು. ಅದನ್ನು ಕೇಳಲು ನಾನು ನಾಲ್ಕು ವರ್ಷ ತಗೊಂಡೆ.

ಈ ಬಾರಿ ಊರಿಗೆ ಹೋದಾಗ ಕಾಕಾನ ಇಬ್ಬರು ಮೊಮ್ಮಕ್ಕಳ ರಕ್ತವನ್ನೂ ಪರೀಕ್ಷೆಗೆ ಕೊಟ್ಟು ಬಂದಿದ್ದೇವೆ. ವರದಿ ಬರಲು ಇನ್ನೂ ಎಂಟು ದಿನ ಇದೆ.